ನೀವು ನೋಡಿದ್ದು ಅರ್ಧ

ನಮ್ಮನ್ನು ನಾವೇ ಆಡಿಕೊಂಡು ನಗುವುದರಲ್ಲಿ ಗಾರ್ನೆಟ್ ಬೀದಿಯವರನ್ನು ಮೀರಿಸುವವರು ಇಡೀ ಓಹಾಯೋದಲ್ಲಿ ಇರಲಿಲ್ಲ. ಅದಕ್ಕೆಂದೇ ನಮಗೊಬ್ಬ ಬರಹಗಾರ್ತಿ ಇದ್ದರು, ಮಿಸ್ ಒಡೆಸ್ಸಾ ಕ್ರಚ್‌ಫೀಲ್ಡ್. ಇಪ್ಪತ್ತೆಂಟು ವರ್ಷ ಹದಿನಾಲ್ಕನೇ ನಂಬರಿನ ಸಿಟಿ ಬಸ್ ಓಡಿಸಿ ನಿವೃತ್ತರಾದವರು. ಬಸ್ಸಿನ ಕನ್ನಡಿಯಲ್ಲಿ ನಮ್ಮ ಇಡೀ ಕರಿಯರ ಕೇರಿಯ ಮುಖ ಕಂಡಿದ್ದರು. ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಭಾನುವಾರ ಯಾರ ತಲೆಯ ಮೇಲೆ ಯಾರ ಟೋಪಿ ಕೂತಿದೆ ಎಂಬುದೆಲ್ಲ ಅವರಿಗೆ ತಿಳಿದಿರುತ್ತಿತ್ತು. ಮೇ ತಿಂಗಳಲ್ಲಿ ಚರ್ಚಿನ ಮಹಿಳಾ ದಿನ ಬರುತ್ತದೆ. ಅಂದು ಊಟವಾದ ಮೇಲೆ ನೆಲಮಾಳಿಗೆಯ ಹಾಲ್‌ನಲ್ಲಿ ಮೇಜುಗಳನ್ನು ಗೋಡೆಗೆ ಸರಿಸಿ, ಅವರು ಬರೆದ 'ಒಂಬತ್ತು ಗಂಟೆಯ ಸಭೆ' ನಾಟಕ ಆಡುತ್ತಿದ್ದೆವು. ಹದಿನೆಂಟು ವರ್ಷ ಅದನ್ನೇ ಆಡಿದೆವು. ನಾಟಕ ಒಂದೇ ಆದರೂ ವರ್ಷ ವರ್ಷ ಹೊಸ ಚುಚ್ಚುಮಾತು ಸೇರಿಕೊಳ್ಳುತ್ತಿತ್ತು.

ಕತೆ ದೊಡ್ಡದೇನಲ್ಲ. ಹದಿನಾಲ್ಕನೇ ನಂಬರ್ ಬಸ್ಸನ್ನು ನಿಲ್ಲಿಸುತ್ತಾರಂತೆ ಎಂದು ಸುದ್ದಿ ಬಂದಿದೆ. ಅದನ್ನು ಉಳಿಸಿಕೊಳ್ಳಲು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಸಭೆ ಕರೆದಿದ್ದಾರೆ. ಒಂಬತ್ತಕ್ಕೆ ಬಂದವರು ಅಧ್ಯಕ್ಷರು ಒಬ್ಬರೇ. ಅವರೇ ಸ್ವಾಗತ ಕೋರುತ್ತಾರೆ, ಅವರೇ ಸೂಚಿಸುತ್ತಾರೆ, ಪಕ್ಕದ ಕುರ್ಚಿಗೆ ಹಾರಿ ಅವರೇ ಅನುಮೋದಿಸುತ್ತಾರೆ. ಸಿಸ್ಟರ್ ವೆಲ್ಮಾ ಹತ್ತೂವರೆಗೆ, ಮೇಲೆ ಹಾಳೆ ಮುಚ್ಚಿದ ತಟ್ಟೆ ಹಿಡಿದು ಬಂದು, "ಊಟ ಆಗೋಯ್ತಾ?" ಎಂದು ಕೇಳುತ್ತಾಳೆ. ಆ ಪಾತ್ರ ನನ್ನದು. ನಾನು, ಜರ್ಲೀನ್ ಮ್ಯಾಡಕ್ಸ್, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವವಳು. ಇನ್ನೊಬ್ಬ ಹೋದ ವರ್ಷದ ಸಭೆಗೆ ಈಗ ಬರುತ್ತಾನೆ. ಎಲ್ಲರಿಗಿಂತ ಹೆಚ್ಚು ನಗಿಸುತ್ತಿದ್ದವರು ಚರ್ಚಿನ ಹಿರಿಯ, ಡೀಕನ್ 'ಬಂದೇಬಿಟ್ಟೆ'. ಹೆಗಲ ಮೇಲೆ ಟವೆಲು, ಕೆನ್ನೆ ತುಂಬ ಸೋಪಿನ ನೊರೆ, ಕಿವಿಗೆ ಫೋನು. ಬಚ್ಚಲಲ್ಲಿ ನಿಂತುಕೊಂಡೇ, "ಇಲ್ಲೇ ಮೂಲೇಲಿದೀನಿ, ಇನ್ನೇನು ಬಂದೇಬಿಟ್ಟೆ" ಎನ್ನುವ ಮನುಷ್ಯ.

ಆ ಪಾತ್ರ ಮಾಡುತ್ತಿದ್ದವರು ಡೀಕನ್ ಏಮಸ್ ಯಾರ್ಬರೊ. ಒಡೆಸ್ಸಾ ಅದನ್ನು ಅವರ ಮೇಲೆಯೇ ಬರೆದದ್ದು. ತಮ್ಮ ಮದುವೆಗೇ ಒಂದೂಕಾಲು ಗಂಟೆ ತಡವಾಗಿ ಹೋದವರು ಅವರು. ಮೊದಲ ವರ್ಷ ಬೇರೆ ಯಾರೋ ಆ ಪಾತ್ರ ಮಾಡಿದಾಗ ಮುಂದಿನ ಸಾಲಿನಲ್ಲಿ ಕೂತು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮುಗಿದ ಮೇಲೆ ಎದ್ದು, ಆ ಹುಡುಗನಿಗೆ ಟವೆಲು ಹಾಕಿಕೊಳ್ಳುವುದೂ ಬರುವುದಿಲ್ಲ, ಬರುವ ವರ್ಷದಿಂದ ನಾನೇ ಮಾಡುತ್ತೇನೆ ಎಂದರು. ಅಂದಿನಿಂದ ಬೇರೆ ಯಾರೂ ಅದನ್ನು ಮಾಡಲಿಲ್ಲ.

ನಾಟಕದ ಇನ್ನರ್ಧ ಬೇರೆ. ಹನ್ನೆರಡಕ್ಕೆ ಎಲ್ಲರೂ ಕೂಡಿ, ಕೀಲಿಕೈ ಯಾರು ತರಬೇಕಿತ್ತು ಎಂದು ಜಗಳ ಮಾಡುತ್ತಿರುವಾಗ ಬಸ್ಸಿನ ಡ್ರೈವರಮ್ಮ ಏದುಸಿರು ಬಿಡುತ್ತ ಒಳಗೆ ಬರುತ್ತಾಳೆ. ಅದು ಒಡೆಸ್ಸಾ ಅವರೇ. ಬೆಳಿಗ್ಗೆ ಎಂಟೂ ಹತ್ತಕ್ಕೆ ಬಂದು ಜನರನ್ನು ಸಭೆಗೆ ಕರೆತರಬೇಕಿದ್ದ ಬಸ್ ಅದು. ಎಲ್ಲರೂ ಒಟ್ಟಿಗೆ ಎದ್ದು, "ಎಲ್ಲಿದ್ದೆ ತಾಯಿ?" ಎನ್ನುತ್ತಾರೆ. ಅವಳು ತಣ್ಣಗೆ, "ಇನ್ನೇನು ಬಂದೇಬಿಟ್ಟೆ" ಎನ್ನುತ್ತಾಳೆ. ಆಮೇಲೆ ಅಧ್ಯಕ್ಷರು ಹಾಜರಿ ಕರೆಯುತ್ತಾರೆ. ಮುಂದುಗಡೆ ಒಂದು ಕುರ್ಚಿಗೆ 'ನಗರದ ಪ್ರತಿನಿಧಿ' ಎಂದು ಚೀಟಿ ಅಂಟಿಸಿರುತ್ತದೆ. ಖಾಲಿ ಕುರ್ಚಿ. ಅಧ್ಯಕ್ಷರು ಅದರ ಮುಂದೆ ಬಾಗಿ, ನಮ್ಮ ಪ್ರತಿನಿಧಿಗಳು ಒಂದು ಸಭೆಯನ್ನೂ ತಪ್ಪಿಸಿಲ್ಲ, ಒಮ್ಮೆಯೂ ಮಧ್ಯೆ ಬಾಯಿ ಹಾಕಿಲ್ಲ, ನಮ್ಮ ಮಾತನ್ನು ಇಷ್ಟು ಸಹನೆಯಿಂದ ಕೇಳುವವರು ಈ ಊರಲ್ಲಿ ಇನ್ನಿಲ್ಲ ಎಂದು ಹೊಗಳಿ, 'ಹಾಜರ್' ಎಂದು ಬರೆದುಕೊಳ್ಳುತ್ತಾರೆ. ಒಬ್ಬಳು ಆ ಕುರ್ಚಿಗೆ ಪೌಂಡ್ ಕೇಕ್ ತಂದಿಡುತ್ತಾಳೆ. ಇನ್ನೊಬ್ಬಳು, ಅವರಿಗೆ ಸೆಖೆಯಾಗುತ್ತಿರಬೇಕು ಎಂದು ಬೀಸಣಿಗೆ ಬೀಸುತ್ತಾಳೆ. ನಮ್ಮ ಹಾಲ್‌ನಲ್ಲಿ ಜನ ಕುರ್ಚಿಯಿಂದ ಜಾರಿ ಬೀಳುತ್ತಿದ್ದದ್ದು ಅಲ್ಲಿ.

ಎರಡು ವರ್ಷದ ಹಿಂದೆ ಊರಿನ ನಡುವಿನ ದೊಡ್ಡ ನಾಟಕಮಂದಿರದಿಂದ ಕ್ಲೇರ್ ಹಾಲಂಡರ್ ಎಂಬ ಹುಡುಗಿ ಬಂದಳು. ಬಿಳಿಯ ಹುಡುಗಿ, ಮೂವತ್ತು ದಾಟಿರಲಿಲ್ಲ. ಒಳ್ಳೆಯ ಮಾತು, ಒಳ್ಳೆಯ ಮನಸ್ಸು. ಬಡಾವಣೆ ಬಡಾವಣೆಯ ನಾಟಕಗಳನ್ನು ಕೂಡಿಸಿ ಸೆಪ್ಟೆಂಬರಿನಲ್ಲಿ ಹಬ್ಬ ಮಾಡುತ್ತಿದ್ದೇವೆ, ನೀವೂ ಬರಬೇಕು ಎಂದಳು. ಒಡೆಸ್ಸಾ ಒಪ್ಪಲಿಲ್ಲ. ಇದು ಮನೆಯವರಿಗೆ ಬರೆದದ್ದು, ಹೊರಗಡೆ ಹೊಂದುವುದಿಲ್ಲ ಎಂದರು. ಒಪ್ಪಿಸಿದವಳು ನಾನು. ಅದನ್ನು ಮುಚ್ಚಿಟ್ಟು ಈ ಕತೆ ಹೇಳಲಾರೆ. ನಾನೂರು ಕುರ್ಚಿಯ ಮಂದಿರ, ಕೆಂಪು ಪರದೆ, ಮುಖಕ್ಕೆ ಬೀಳುವ ಬೆಳಕು. ಮೂವತ್ತು ವರ್ಷ ಬೇರೆಯವರ ಹಾಸಿಗೆ ಬಟ್ಟೆ ಒಗೆದ ನನಗೆ ಒಂದು ಸಲ ಅಲ್ಲಿ ನಿಲ್ಲಬೇಕು ಅನ್ನಿಸಿತು. ಎರಡು ವಾರ ಅವರ ಬೆನ್ನು ಬಿದ್ದೆ. ಕೊನೆಗೆ ಅವರು, "ಆಯ್ತು ಮಗಳೇ, ನಿನ್ನ ಆಸೆಗೆ" ಅಂದರು. ನಾನು ಹಳದಿ ಬಣ್ಣದ ಹೊಸ ಟೋಪಿ ಕೊಂಡೆ.

ಆ ದಿನ ಮಂದಿರ ತುಂಬಿತ್ತು. ನಮ್ಮವರು ನಲವತ್ತು ಜನ ಇದ್ದಿರಬಹುದು. ಮಿಕ್ಕವರೆಲ್ಲ ಬಿಳಿಯರು. ಡೀಕನ್ ಯಾರ್ಬರೊ ಟವೆಲು ಹಾಕಿಕೊಂಡು ಬೆಳಕಿಗೆ ಬಂದದ್ದೇ ತಡ, ಇನ್ನೂ ಮಾತೇ ಆಡಿಲ್ಲ, ಮಂದಿರ ಬಿದ್ದು ಬಿದ್ದು ನಕ್ಕಿತು. ನಾನು ತಟ್ಟೆ ಹಿಡಿದು ಬಂದೆ. ನಾನು ಬಾಯಿ ತೆರೆಯುವ ಮೊದಲೇ ನನ್ನ ಟೋಪಿ ನೋಡಿ ನಕ್ಕರು, ನನ್ನ ನಡಿಗೆ ನೋಡಿ ನಕ್ಕರು. ಮೊದಲು ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಏನೋ ಒಂದು ಥರ ಆಯಿತು. ನಮ್ಮ ಹಾಲ್‌ನಲ್ಲಿ ನಗುವಿನ ಜೊತೆ ಮಾತೂ ಬರುತ್ತದೆ. "ಅಯ್ಯೋ ಇದು ನಮ್ಮತ್ತೇನೇ" ಅನ್ನುತ್ತಾರೆ, "ಥೆಲ್ಮಾ, ನಿನ್ನನ್ನೇ ಅಂತಿರೋದು, ಕೇಳಿಸ್ಕೊ" ಅನ್ನುತ್ತಾರೆ. ಇಲ್ಲಿ ಯಾರೂ ಯಾರ ಹೆಸರನ್ನೂ ಹೇಳಲಿಲ್ಲ. ಎಲ್ಲರೂ ನಮ್ಮ ಕಡೆಗೇ ನೋಡಿಕೊಂಡು ನಗುತ್ತಿದ್ದರು.

ಇನ್ನರ್ಧ ಬಂತು. ಡ್ರೈವರಮ್ಮ ಬಂದಳು, ಒಂದಿಷ್ಟು ನಗು. ಖಾಲಿ ಕುರ್ಚಿಗೆ ಹಾಜರಿ ಹಾಕಿದಾಗ ನಮ್ಮ ನಲವತ್ತು ಜನರ ನಗು ಮಾತ್ರ ಅಲ್ಲೊಂದು ಇಲ್ಲೊಂದು ಕೇಳಿಸಿತು. ಮಿಕ್ಕ ಮಂದಿರ ಕೆಮ್ಮಿತು. ಕೇಕ್ ಇಟ್ಟಾಗ ಯಾರೋ "ಪಾಪ" ಅಂದಂತೆ ಕೇಳಿಸಿತು. ಹದಿನೆಂಟು ವರ್ಷದಲ್ಲಿ ಆ ಮಾತನ್ನು ಆ ಜಾಗದಲ್ಲಿ ನಾನು ಕೇಳಿರಲಿಲ್ಲ.

ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೊರಗೆ ಒಬ್ಬ ಹೆಂಗಸು ನನ್ನ ಎರಡೂ ಕೈ ಹಿಡಿದು, ನಿಮ್ಮಷ್ಟು ನಿರಾಳವಾಗಿ ನಗುವುದು ನಮಗೆ ಬರುವುದಿಲ್ಲ ಎಂದಳು. ಅವಳ ಜೊತೆಗಿದ್ದ ಗಂಡಸು ನಕ್ಕು, "ನಮ್ಮ ಆಫೀಸಲ್ಲೂ ನಿಮ್ಮವಳು ಒಬ್ಬಳಿದಾಳೆ. ಥೇಟ್ ಹಾಗೇ" ಅಂದ. ನಾನೂ ನಕ್ಕೆ. ಆ ನಗು ಈಗ ನೆನಪಾದರೂ ನನ್ನ ಮೈ ಉರಿಯುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ಒಡೆಸ್ಸಾ ಕಾರಿನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಹೇಗಾಯಿತು ಎಂದು ಕೇಳಿದ್ದಕ್ಕೆ, ಅಲ್ಲಿ ಕೂತಿದ್ದವರು ಬೇರೆ ಯಾವುದೋ ನಾಟಕ ನೋಡಿದರು ಎಂದಷ್ಟೇ ಹೇಳಿದರು.

ಅಲ್ಲಿಗೇ ಮುಗಿದಿದ್ದರೆ ಮರೆತುಬಿಡುತ್ತಿದ್ದೆವೇನೋ. ಕ್ಲೇರ್ ಅಂದು ತೆಗೆಸಿದ್ದ ವಿಡಿಯೋದಿಂದ ನಾಲ್ಕು ನಿಮಿಷವನ್ನು ಕತ್ತರಿಸಿ, ಮುಂದಿನ ವರ್ಷದ ಹಬ್ಬದ ಪ್ರಚಾರಕ್ಕೆಂದು ಇಂಟರ್ನೆಟ್ಟಿಗೆ ಹಾಕಿದಳು. ಟವೆಲು, ನೊರೆ, ನನ್ನ ಟೋಪಿ, ತಟ್ಟೆ. ಡ್ರೈವರಮ್ಮ ಬರುವ ಮೊದಲೇ ಮುಗಿದುಹೋಗುತ್ತಿತ್ತು. ಹತ್ತು ದಿನದಲ್ಲಿ ಐದು ಲಕ್ಷ ಜನ ನೋಡಿದರು. ಯಾರ್ಯಾರೋ ಅದನ್ನು ಎತ್ತಿಕೊಂಡು ತಮ್ಮ ತಮ್ಮ ಗೋಡೆಗೆ ಅಂಟಿಸಿಕೊಂಡರು. 'ಅವರ ಬಾಯಿಂದಲೇ ಕೇಳಿ' ಎಂದು ತಲೆಬರಹ ಕೊಟ್ಟಿದ್ದರು. ಕೆಳಗೆ ಬರೆದಿದ್ದ ಮಾತುಗಳನ್ನು ನಾನು ಒಂದು ಸಲ ಓದಿದೆ. ಎರಡನೆಯ ಸಲ ಓದುವುದು ಆಗಲಿಲ್ಲ.

ಡೀಕನ್ ಯಾರ್ಬರೊ ಅವರಿಗೆ ಇಂಟರ್ನೆಟ್ಟು ಗೊತ್ತಿಲ್ಲ. ಅವರಿಗೆ ಸುದ್ದಿ ತಿಳಿದದ್ದು ಬೇರೆ ರೀತಿ. ಅವರ ಹೆಂಡತಿ ಅರ್ಲೀನ್ ಅವರಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಕ್ಲಿನಿಕ್ಕಿಗೆ ಹೆಂಡತಿಯನ್ನು ಕರೆದುಕೊಂಡು ಹೋಗುವಾಗ ಮಾತ್ರ ಡೀಕನ್ ಎಂದೂ ತಡ ಮಾಡಿದವರಲ್ಲ. ಹದಿನಾಲ್ಕನೇ ನಂಬರನ್ನು ನಂಬಲಾಗದೆ ಒಂದು ಬಸ್ ಮುಂಚೆಯೇ ಹೊರಡುತ್ತಿದ್ದರು. ಒಂದು ಮಂಗಳವಾರ ಅವರು ಬಂದು ಒಡೆಸ್ಸಾ ಅವರ ಅಡುಗೆಮನೆಯಲ್ಲಿ ಕೂತರು. ನಾನೂ ಅಲ್ಲಿದ್ದೆ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಒಡೆಸ್ಸಾ ಮುಂದಿಟ್ಟ ಕಾಫಿ ಆರಿಹೋಯಿತು.

"ಇವತ್ತು ಕ್ಲಿನಿಕ್ಕಿಗೆ ನಲವತ್ತು ನಿಮಿಷ ಮುಂಚೆ ಹೋಗಿದ್ದೆ ಒಡೆಸ್ಸಾ," ಎಂದರು. "ಅಲ್ಲಿ ಕೂತಿರೋ ಹುಡುಗಿ ಹೊಸಬಳು. ನನ್ನ ನೋಡಿ ನಕ್ಕಳು. ನೀವು ಆ ಬಂದೇಬಿಟ್ಟೆ ಅಲ್ವಾ ಅಂದಳು. ಬೇರೆಯವರನ್ನೂ ಕರೆದು ತೋರಿಸಿದಳು. ಅರ್ಲೀನ್ ಗಾಲಿಕುರ್ಚಿಯಲ್ಲಿ ಕೂತು ನೋಡ್ತಿದ್ದಳು."

ಒಡೆಸ್ಸಾ ಏನೋ ಹೇಳಲು ಹೋದರು. ಡೀಕನ್ ಕೈ ಎತ್ತಿ ತಡೆದರು.

"ಹದಿನೆಂಟು ವರ್ಷ ನೀನು ನನ್ನ ಮಾನ ಕಳೆದೆ. ನಂಗೆ ಒಂದು ದಿನವೂ ಬೇಜಾರಾಗಲಿಲ್ಲ. ಅಲ್ಲಿ ನಗ್ತಿದ್ದೋರು ಎಲ್ಲರೂ ನನ್ನ ಮದುವೆ ಊಟ ಉಂಡೋರು, ನನ್ನ ಮಗನ್ನ ಮಣ್ಣು ಮಾಡುವಾಗ ಪಕ್ಕದಲ್ಲಿ ನಿಂತೋರು. ನನ್ನ ಮಿಕ್ಕಿದ್ದೆಲ್ಲ ಅವರಿಗೆ ಗೊತ್ತಿತ್ತು. ಈ ಹುಡುಗಿಗೆ ನನ್ನ ಬಗ್ಗೆ ಗೊತ್ತಿರೋದು ಅದೊಂದೇ."

ಆಗ ಒಡೆಸ್ಸಾ ಅವರ ಮುಖದಲ್ಲಿ ನಾನು ಕಂಡ ಸಿಟ್ಟನ್ನು ಮೊದಲು ಎಂದೂ ಕಂಡಿರಲಿಲ್ಲ. ಕೂಗಾಡಲಿಲ್ಲ. ಎದ್ದು ಆರಿದ ಕಾಫಿಯನ್ನು ಚೆಲ್ಲಿ, ಬೇರೆ ಕಾಫಿ ಮಾಡಿ, ಅವರ ಮುಂದೆ ಇಟ್ಟು, ಮಂದಿರಕ್ಕೆ ಫೋನ್ ಮಾಡಿದರು.

ಕ್ಲೇರ್ ಮರುದಿನವೇ ಬಂದಳು. ವಿಡಿಯೋ ಅಷ್ಟರಲ್ಲಿ ತೆಗೆದಿದ್ದಳು. ಬೇರೆಯವರು ಎತ್ತಿಕೊಂಡದ್ದನ್ನು ತೆಗೆಸುವುದು ತನ್ನ ಕೈಯಲ್ಲಿಲ್ಲ ಎಂದು ಅತ್ತಳು. ಆ ನಾಲ್ಕು ನಿಮಿಷವನ್ನೇ ಯಾಕೆ ಆರಿಸಿದೆ ಎಂದು ಒಡೆಸ್ಸಾ ಕೇಳಿದರು. ಜನ ಅಲ್ಲಿ ಹೆಚ್ಚು ನಕ್ಕಿದ್ದರು, ಅದಕ್ಕೆ ಎಂದಳು. ಅವಳಿಗೆ ಅದರಲ್ಲಿ ಕೆಡುಕು ಕಂಡಿರಲಿಲ್ಲ. ಒಡೆಸ್ಸಾ ಅವಳಿಗೆ ಕಣ್ಣೊರೆಸಿಕೊಳ್ಳಲು ಬಟ್ಟೆ ಕೊಟ್ಟರು. "ನೀನು ಕೆಟ್ಟವಳಲ್ಲ, ನಂಗೆ ಗೊತ್ತು. ಕೆಟ್ಟವಳಾಗಿದ್ದಿದ್ರೆ ನಾನು ಬಾಗಿಲೇ ತೆಗೀತಿರಲಿಲ್ಲ," ಎಂದರು. ಅವಳು ಹೋದ ಮೇಲೆ, ನಾಟಕ ಕೊಟ್ಟವಳು ನಾನೇ, ಅವಳ ಮೇಲೆ ಏನು ತಪ್ಪು ಹಾಕಲಿ ಎಂದರು ಒಡೆಸ್ಸಾ. ಕೊಡಿಸಿದವಳು ನಾನು ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ.

ಚರ್ಚಿನಲ್ಲಿ ಎರಡು ಪಕ್ಷವಾಯಿತು. ನಮ್ಮ ಚರ್ಚಿನವಳೇ ಆದ ಥೆಲ್ಮಾಳ ಮಗ ಬೇರೆ ಊರಲ್ಲಿ ದೊಡ್ಡ ಕಂಪನಿಯಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಯಾರೋ ಅವನಿಗೆ ಆ ವಿಡಿಯೋ ತೋರಿಸಿ, ನಿಮ್ಮಮ್ಮನ ಚರ್ಚು ಇದೇ ಅಲ್ವಾ ಎಂದು ಕೇಳಿದರಂತೆ. ಅವಳು ಒಡೆಸ್ಸಾ ಮುಖಕ್ಕೇ, ನಮ್ಮನ್ನು ಬೀದಿಗೆ ತಂದೆ ಎಂದಳು. ನಮ್ಮ ಬಗ್ಗೆ ಅವರೇ ಸಾಕಷ್ಟು ಕತೆ ಕಟ್ಟಿದ್ದಾರೆ, ಇನ್ನು ನಾವೂ ಬರೆದುಕೊಡಬೇಕೇ ಎಂದರು ಕೆಲವರು. ಮಿಕ್ಕವರು ಒಡೆಸ್ಸಾ ಪರ ನಿಂತರು. ಪಾದ್ರಿ ವಿಟ್‌ಲೋ ಜಾಣರು. ಈ ಗಲಾಟೆ ತಣ್ಣಗಾಗುವವರೆಗೆ ನಾಟಕ ಬೇಡ ಎಂದರು. ಒಡೆಸ್ಸಾ ಎಲ್ಲವನ್ನೂ ಕೇಳಿಸಿಕೊಂಡು ಎದ್ದು ಹೋದರು.

ಅಕ್ಟೋಬರಿನಲ್ಲಿ ನಾಟಕದಲ್ಲಿದ್ದದ್ದು ನಿಜವಾಗಿಯೇ ಬಂತು. ಹದಿನಾಲ್ಕನೇ ನಂಬರ್ ಬಸ್ಸನ್ನು ಸಂಜೆ ಏಳರ ಮೇಲೆ ಮತ್ತು ಭಾನುವಾರ ಪೂರ್ತಿ ನಿಲ್ಲಿಸುವ ಪ್ರಸ್ತಾವ ಸಾರಿಗೆ ಮಂಡಳಿಯ ಮುಂದೆ ಬಂದಿತ್ತು. ಅಹವಾಲು ಹೇಳುವವರು ಒಂದು ಬುಧವಾರ ಮಧ್ಯಾಹ್ನ ಎರಡಕ್ಕೆ ಬರಬೇಕು, ಒಬ್ಬೊಬ್ಬರಿಗೆ ಎರಡು ನಿಮಿಷ ಎಂದು ನೋಟಿಸು ಹಚ್ಚಿದರು. ನನ್ನ ಪಾಳಿ ಮುಗಿಯುವುದು ರಾತ್ರಿ ಒಂಬತ್ತೂವರೆಗೆ. ನಾನು ರಜೆ ಹಾಕಿದೆ. ನಾವು ಇಪ್ಪತ್ತೆರಡು ಜನ ಒಂದು ಗಂಟೆಗೇ ಹೋಗಿ ಹೊರಗೆ ಕೂತೆವು. ಬಾಗಿಲು ಇನ್ನೂ ತೆಗೆದಿರಲಿಲ್ಲ. ಸದಸ್ಯರು ಏಳು ಜನ. ಅವರು ಬಂದು ಸಭೆ ಶುರುವಾಗುವಷ್ಟರಲ್ಲಿ ಎರಡೂ ಇಪ್ಪತ್ತೈದು.

ಡೇಲ್ ಬ್ರಾಂಟ್ ಎಂಬ ಸದಸ್ಯ ಮೊದಲು ಮಾತಾಡಿದ. ಬಸ್ಸಿನಲ್ಲಿ ಜನ ಇಲ್ಲ ಎಂದ. ವೇಳೆಗೆ ಸರಿಯಾಗಿ ನಿಲ್ದಾಣಕ್ಕೆ ಬರುವ ಅಭ್ಯಾಸ ಆ ಬಡಾವಣೆಗೆ ಕಡಿಮೆ ಎಂದ. ನಮ್ಮಲ್ಲಿ ಗುಜುಗುಜು ಶುರುವಾಯಿತು. ಅವನು ಕೈಯೆತ್ತಿ ನಗುತ್ತ, "ಇದು ನನ್ನ ಮಾತಲ್ಲ. ನೀವೆಲ್ಲ ಆ ವಿಡಿಯೋ ನೋಡಿರ್ತೀರಿ. ಅಲ್ಲಿಯವರೇ ಎಷ್ಟು ಚೆನ್ನಾಗಿ, ಎಷ್ಟು ಪ್ರಾಮಾಣಿಕವಾಗಿ ಹೇಳಿಕೊಂಡಿದಾರೆ. ನಂಗೆ ಬಹಳ ಹಿಡಿಸ್ತು," ಎಂದ. ಉಳಿದವರಲ್ಲಿ ಮೂರು ನಾಲ್ಕು ಜನ ನೋಡಿದ್ದರೆಂದು ಕಾಣುತ್ತದೆ, ಮುಗುಳ್ನಕ್ಕರು. ನನ್ನ ಪಕ್ಕದಲ್ಲಿದ್ದ ಡೀಕನ್ ಯಾರ್ಬರೊ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು.

ಒಡೆಸ್ಸಾ ಅವರ ಸರದಿ ಬಂತು. ಕಪ್ಪು ಕೋಟು ಹಾಕಿಕೊಂಡಿದ್ದರು. ಹಣೆಯಲ್ಲಿ ಒಂದು ಗೆರೆಯೂ ಅಲುಗದಂತೆ ನಿಂತು ಶುರು ಮಾಡಿದರು.

"ನಾನು ಇಪ್ಪತ್ತೆಂಟು ವರ್ಷ ಹದಿನಾಲ್ಕನೇ ನಂಬರ್ ಓಡಿಸಿದೆ. ಬೆಳಗಿನ ಐದೂ ಇಪ್ಪತ್ತರ ಬಸ್ಸು. ಆ ಹೊತ್ತಿಗೆ ನಿಲ್ದಾಣದಲ್ಲಿ ಮೂವತ್ತು ಜನ ನಿಂತಿರೋರು. ಆಸ್ಪತ್ರೆ ನೆಲ ಒರೆಸೋರು, ನಿಮ್ಮ ಆಫೀಸು ಗುಡಿಸೋರು. ನಾನು ಸೇರಿದಾಗ ಆ ದಾರಿಗೆ ಒಂಬತ್ತು ಬಸ್ಸಿತ್ತು. ಬಿಡುವಾಗ ನಾಲ್ಕು. ಅದರಲ್ಲೊಂದರ ಬಾಗಿಲಿಗೆ ಹಗ್ಗ ಕಟ್ಟಿಕೊಂಡು ಓಡಿಸ್ತಿದ್ದೆ."

ಸದಸ್ಯರು ನಕ್ಕರು. ಏಳು ಜನರಲ್ಲಿ ನಾಲ್ವರು, ಹಿಂದೆ ಕೂತ ಗುಮಾಸ್ತರೂ. ಕೊಂಕು ನಗುವಲ್ಲ, ಬೆಚ್ಚಗಿನ ನಗು. ಹಗ್ಗ ಎಂದಾಗ ನಗಬೇಕು ಎಂದುಕೊಂಡಿದ್ದರು. ವಿಡಿಯೋದ ಆ ತಮಾಷೆಯವರ ಪೈಕಿ ಇನ್ನೊಬ್ಬ ಮುದುಕಿ ತಮ್ಮ ಮುಂದೆ ಬಂದು ನಿಂತಿದ್ದಾಳೆ, ಅಷ್ಟೇ ಅವರಿಗೆ.

ಒಡೆಸ್ಸಾ ನಿಲ್ಲಿಸಿದರು. ಬ್ರಾಂಟ್‌ನ ಕಡೆ ತಿರುಗಿದರು.

"ಯಾವ ಮಾತಿಗೆ ನಕ್ಕಿರಿ?"

ಅವನಿಗೆ ಅರ್ಥವಾಗಲಿಲ್ಲ. ಅವರು ಮತ್ತೆ ಕೇಳಿದರು, ಮೊದಲಿನಷ್ಟೇ ಮೆಲ್ಲಗೆ. "ಹದಿನೆಂಟು ವರ್ಷದಿಂದ ಜನ ನಗೋ ಹಾಗೆ ಬರೀತಿದೀನಿ. ಯಾವ ಮಾತಿಗೆ ನಗ್ತಾರೆ ಅಂತ ನಂಗೆ ಗೊತ್ತಿರತ್ತೆ. ಈಗ ಹೇಳಿದ್ರಲ್ಲಿ ನಾನು ಒಂದು ನಗೆಮಾತೂ ಇಟ್ಟಿರಲಿಲ್ಲ. ಅದಕ್ಕೆ ಕೇಳ್ತಿದೀನಿ."

ಅವನ ಕಿವಿ ಕೆಂಪಾಯಿತು. ತಪ್ಪು ತಿಳಿಯಬೇಡಿ, ನೀವು ಹೇಳುವ ಶೈಲಿಯೇ ಹಾಗಿದೆ ಎಂದು ಏನೇನೋ ತಡವರಿಸಿದ. ಅಷ್ಟರಲ್ಲಿ ಗಂಟೆ ಹೊಡೆಯಿತು. ಎರಡು ನಿಮಿಷ ಮುಗಿಯಿತು, ದಯವಿಟ್ಟು ಕೂತುಕೊಳ್ಳಿ ಎಂದರು ಅಧ್ಯಕ್ಷೆ. ಒಡೆಸ್ಸಾ ಅಲುಗಲಿಲ್ಲ. ನನ್ನ ಪಕ್ಕದಲ್ಲಿ ಡೀಕನ್ ಯಾರ್ಬರೊ ಎದ್ದರು. ಎಪ್ಪತ್ನಾಲ್ಕರ ಮನುಷ್ಯ, ಮೊಣಕಾಲು ಹಿಡಿದುಕೊಂಡೇ ಏಳಬೇಕು.

"ಮುಂದಿನ ಹೆಸರು ನಂದು," ಎಂದರು. "ನನ್ನ ಎರಡು ನಿಮಿಷ ಅವಳಿಗೆ."

ಅಧ್ಯಕ್ಷೆ ಗುಮಾಸ್ತನ ಮುಖ ನೋಡಿದರು. ಹಾಗೆ ಬಿಟ್ಟುಕೊಡಲು ನಿಯಮದಲ್ಲಿ ಅವಕಾಶ ಇತ್ತೆಂದು ತೋರುತ್ತದೆ. ತಲೆಯಾಡಿಸಿದರು.

"ಆ ವಿಡಿಯೋ ನಮ್ಮ ನಾಟಕದ್ದು. ನೀವು ನೋಡಿದ್ದು ಅರ್ಧ," ಎಂದರು ಒಡೆಸ್ಸಾ. "ಇನ್ನರ್ಧದಲ್ಲಿ ನೀವಿದೀರಿ. ಅದರಲ್ಲಿ ನಿಮಗೆ ಅಂತ ಒಂದು ಕುರ್ಚಿ ಇಟ್ಟಿದೀವಿ, ಮುಂದಿನ ಸಾಲಲ್ಲೇ. ನಾವೆಲ್ಲ ತಡವಾಗಿ ಬರ್ತೀವಿ, ನಿಜ. ಕೊನೆಗೆ ಬಂದು ಕೂತ್ಕೊತೀವಿ. ಆ ಕುರ್ಚಿ ಹದಿನೆಂಟು ವರ್ಷದಿಂದ ಖಾಲಿ ಇದೆ. ನಮ್ಮ ತಡಾನ ನಾವು ಆಡಿಕೊಂಡಿದ್ದು ನಮ್ಮವರು ತಿದ್ದಿಕೊಳ್ಳಲಿ ಅಂತ. ಅದನ್ನ ಕದ್ದುಕೊಂಡು ಬಂದು ನಮ್ಮ ಬಸ್ಸಿನ ಮೇಲೆ ತೀರ್ಪು ಬರೀತೀರಲ್ಲ, ನಿಮಗೆ ನಾಚಿಕೆ ಆಗಬೇಕು. ಇಲ್ಲಿ ಕೂತಿರೋ ಈ ಡೀಕನ್ ಹೆಂಡತೀನ ಡಯಾಲಿಸಿಸ್ಸಿಗೆ ಕರ್ಕೊಂಡು ಹೋಗ್ತಾರೆ. ಮೂರು ವರ್ಷದಲ್ಲಿ ಒಂದು ದಿನ ತಡ ಮಾಡಿಲ್ಲ. ಅವರನ್ನ ಆಡಿಕೊಳ್ಳೋ ಹಕ್ಕು ನನಗಿದೆ. ನಿಮಗಿಲ್ಲ."

ಯಾರೂ ನಗಲಿಲ್ಲ. ಅವರ ಪಾಲಿನ ಸಮಯ ಇನ್ನೂ ಉಳಿದಿತ್ತು. ಅದನ್ನು ಬಿಟ್ಟು ಬಂದು ಕೂತರು.  ಥೆಲ್ಮಾ ಹಿಂದಿನ ಸಾಲಿನಿಂದ ಬಗ್ಗಿ ಅವರ ಹೆಗಲ ಮೇಲೆ ಕೈ ಇಟ್ಟಳು. ಮಿಕ್ಕ ಹತ್ತೊಂಬತ್ತು ಜನರೂ ಒಬ್ಬೊಬ್ಬರಾಗಿ ಮಾತಾಡಿದರು. ನಾನೂ ಮಾತಾಡಿದೆ. ಒಂಬತ್ತೂವರೆಗೆ ಪಾಳಿ ಮುಗಿಸಿ ಬಸ್ಸಿಲ್ಲದೆ ಮೂರು ಮೈಲಿ ನಡೆಯುವುದು ಎಂದರೇನು ಎಂದು ಹೇಳಿದೆ. ಬ್ರಾಂಟ್ ತಲೆಯೆತ್ತದೆ ಬರೆದುಕೊಳ್ಳುತ್ತಲೇ ಇದ್ದ.

ಎರಡು ವಾರದ ಮೇಲೆ ಮತ ಹಾಕಿದರು. ಐದು, ಎರಡು. ಸಂಜೆಯ ಬಸ್ಸು ಹೋಯಿತು, ಭಾನುವಾರದ್ದೂ ಹೋಯಿತು. ತೀರ್ಮಾನದ ಕಾಗದದಲ್ಲಿ ವಿಡಿಯೋದ ಮಾತು ಎಲ್ಲೂ ಇರಲಿಲ್ಲ. 'ಬಡಾವಣೆಯ ಬಳಕೆಯ ರೀತಿ' ಎಂದಿತ್ತು. ಒಡೆಸ್ಸಾ ಆ ಮೂರು ಪದಗಳಿಗೆ ಪೆನ್ನಿನಿಂದ ಸುತ್ತು ಹಾಕಿ, ಕಾಗದವನ್ನು ಚರ್ಚಿನ ನೋಟಿಸು ಹಲಗೆಗೆ ಚುಚ್ಚಿದರು. ಈಗ ನನ್ನ ಪಾಳಿ ಮುಗಿದ ಮೇಲೆ ಜೊತೆಯವರ ಕಾರು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ನಡಿಗೆ. ಭಾನುವಾರ ಮುದುಕರು ಚರ್ಚಿಗೆ ಬರುವುದು ಕಡಿಮೆಯಾಯಿತು. ಚರ್ಚಿನ ಹಳೆಯ ವ್ಯಾನು ಎಷ್ಟು ಸಲ ತಾನೇ ಸುತ್ತು ಹೊಡೆಯುತ್ತದೆ.

ಆದರೆ ನಾನು ಹೇಳಬೇಕೆಂದಿದ್ದು ಬಸ್ಸಿನ ವಿಷಯ ಒಂದೇ ಅಲ್ಲ. ಆ ಚಳಿಗಾಲ ನಮ್ಮವರು ಬದಲಾದರು. ಸಭೆ ಏಳಕ್ಕೆ ಎಂದರೆ ಆರೂವರೆಗೆ ಬಂದು ಗೋಡೆಗೊರಗದೆ ನೆಟ್ಟಗೆ ಕೂರತೊಡಗಿದರು. ಯಾರಾದರೂ ಐದು ನಿಮಿಷ ತಡವಾಗಿ ಬಂದರೆ ಯಾರೂ ಚೇಷ್ಟೆ ಮಾಡುತ್ತಿರಲಿಲ್ಲ. ಬಂದವರು ಕಾರಣ ಹೇಳಿ ತಪ್ಪಾಯಿತು ಎನ್ನುತ್ತಿದ್ದರು. ನಾನು ಹಳದಿ ಟೋಪಿಯನ್ನು ತಂಗಿಗೆ ಕೊಟ್ಟುಬಿಟ್ಟೆ. ಒಡೆಸ್ಸಾ ಇದನ್ನೆಲ್ಲ ನೋಡಿ ಕುದಿಯುತ್ತಿದ್ದರು. ಬಸ್ ಕಿತ್ತುಕೊಂಡರು, ಅದು ಅವರ ಕೈಲಿತ್ತು, ನಮ್ಮ ಬಾಯಿ ಅವರ ಕೈಲಿರಲಿಲ್ಲವಲ್ಲ ಎನ್ನುತ್ತಿದ್ದರು.

ಫೆಬ್ರುವರಿಯಲ್ಲಿ ಪಾದ್ರಿ ವಿಟ್‌ಲೋ ಅವರ ಬಳಿ ಹೋಗಿ, ಮೇ ತಿಂಗಳಿಗೆ ನಾಟಕ ಇದೆ ಎಂದು ಹೇಳಿ ಬಂದರು. ಕೇಳಲಿಲ್ಲ, ಹೇಳಿದರು. ಬ್ರಾಂಟ್‌ನನ್ನು ಚೆನ್ನಾಗಿ ಝಾಡಿಸುತ್ತಾರೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಕೈಬರಹ ತಂದು ಓದಿದಾಗ ಅವನು ಎಲ್ಲೂ ಇರಲಿಲ್ಲ. ಯಾಕೆ ಎಂದು ಕೇಳಿದೆ. "ನಮ್ಮ ಹಾಲ್‌ನಲ್ಲಿ ಅವನಿಗೇನು ಕೆಲಸ?" ಎಂದರು. ಬರೆದದ್ದು ನಮ್ಮ ಮೇಲೆಯೇ. ತಡವಾದರೆ ಯಾರಾದರೂ ನೋಡಿಬಿಟ್ಟಾರು ಎಂಬ ಹೆದರಿಕೆಗೆ ಎಲ್ಲರೂ ಸಭೆಗೆ ಒಂದು ಗಂಟೆ ಮುಂಚೆ ಬರುತ್ತಾರೆ, ಮುಂದಿನ ಸಲ ಮೂರು ಗಂಟೆ, ಆಮೇಲೆ ಹಿಂದಿನ ದಿನವೇ ದಿಂಬು ಕಂಬಳಿ ಸಮೇತ. ಸಭೆಯ ಹೊತ್ತಿಗೆ ಎಲ್ಲರೂ ಗೊರಕೆ. ಡೀಕನ್ ಯಾರ್ಬರೊ ತಮ್ಮ ಪಾತ್ರ ಓದಿ, "ಮದುವೆಗೆ ಹೀಗೆ ಹೋಗಿದ್ದಿದ್ರೆ ಅರ್ಲೀನ್ ನನ್ನ ಮಾತು ಕೇಳ್ತಿದ್ದಳೇನೋ" ಎಂದರು. ತಿಂಗಳುಗಟ್ಟಲೆ ಆದ ಮೇಲೆ ಅವರು ಆಡಿದ ಮೊದಲ ಚೇಷ್ಟೆ ಅದು.

ಮಹಿಳಾ ದಿನ ಬಂತು. ಮೂರಕ್ಕೆ ನಾಟಕ. ಎರಡೂವರೆಗೇ ಹಾಲ್ ತುಂಬಿತ್ತು. ಹಿಂದಿನ ಸಾಲಿನಲ್ಲಿ ಇಬ್ಬರು ಬಿಳಿಯರಿದ್ದರು. ಅರ್ಲೀನ್ ಅವರನ್ನು ನೋಡಿಕೊಳ್ಳುವ ನರ್ಸ್, ಅವಳ ಗಂಡ. ಒಳ್ಳೆಯ ಜನ, ಕರೆದಿದ್ದಕ್ಕೆ ಬಂದವರು. ಬರುವಾಗ ಸಿಹಿಗೆಣಸಿನ ಪೈ ಮಾಡಿಕೊಂಡು ಬಂದಿದ್ದರು. ಡೀಕನ್ ಯಾರ್ಬರೊ ಕಂಬಳಿ ಹೊದ್ದು, ದಿಂಬು ಕಂಕುಳಲ್ಲಿ ಇಟ್ಟುಕೊಂಡು ಬಂದು, ಖಾಲಿ ಹಾಲ್ ನೋಡಿ, "ಅಯ್ಯೋ, ತಡ ಆಗೋಯ್ತೇನೋ" ಎಂದರು. ಅದಕ್ಕಿಂತ ನಗೆಯ ಮಾತನ್ನು ಒಡೆಸ್ಸಾ ಬರೆದಿಲ್ಲ.

ನಗು ಬಂತು, ಜೋರಾಗಿಯೇ ಬಂತು. ಥೆಲ್ಮಾ ಎಂದಿನಂತೆ ಗಂಡನ ತೊಡೆಗೆ ಹೊಡೆದು ನಕ್ಕಳು. ಒಡೆಸ್ಸಾ ಗೋಡೆಯ ಪಕ್ಕ ನಿಂತು ತಲೆಯಾಡಿಸುತ್ತಿದ್ದರು. ನಾನು ಪರದೆಯ ಸಂದಿಯಿಂದ ಜನರ ಮುಖ ನೋಡುತ್ತಿದ್ದೆ. ನಗುವ ಮೊದಲು, ಬಾಯಿ ತೆರೆಯುವ ಮೊದಲು, ಒಂದು ಅರೆಗಳಿಗೆ ಅವರೆಲ್ಲರೂ ಕತ್ತು ತಿರುಗಿಸಿ ಆ ಇಬ್ಬರು ಕೂತಿದ್ದ ಹಿಂದಿನ ಸಾಲಿನ ಕಡೆ ನೋಡಿದರು. ಆ ಅರೆಗಳಿಗೆಯನ್ನು ನಾನು ಇನ್ನೂ ಯಾರಿಗೂ ಕ್ಷಮಿಸಿಲ್ಲ, ನನಗೂ ಕೂಡ.